ಸೆಲ್ಫ್ ಹೋದ ಲಾಂಚಿ

ಜುಲೈ ೧೧, ೧೯೫೫, ಸೋಮವಾರ

ಲಿಂಗಪೂಜೆ ಮುಗಿಸಿ, ಒಂದು ಲೋಟ ಹಾಲು ಕುಡಿದು, ಇದನ್ನು ಬರೆಯಲು ಕುಳಿತಿದ್ದೇನೆ. ಬಾಯಿಬಿಟ್ಟು ಹೇಳಿಕೊಂಡರೆ ಕೇಳಿದವರು ನಗುತ್ತಾರೆ. ಮಗಳು ವೀರಬಸಮ್ಮನ ಮದುವೆ ಮುಂದಿನ ತಿಂಗಳ ಒಂದನೇ ತಾರೀಕು. ಅವಳ ಅಪ್ಪ ತುಂಗಭದ್ರೆಯ ನೀರಿನ ಮೇಲೆ ಲಾಂಚಿಯಲ್ಲಿ ಕುಳಿತಿದ್ದಾರೆ, ಇಳಿಯುವುದಿಲ್ಲ ಎನ್ನುತ್ತಾರೆ.

ಈ ಲಾಂಚಿಯನ್ನು ಯಜಮಾನರು ಬೇಸಿಗೆಯಲ್ಲಿ ಬೆಜವಾಡದಿಂದ ತಂದರು. ಅಲ್ಲಿಯ ಕಾಲುವೆಯಲ್ಲಿ ಓಡಿ ಓಡಿ ಹಳತಾದ ಮೋಟಾರು ದೋಣಿ. ಆಚೆ ದಂಡೆ ಹೈದರಾಬಾದು ಸೀಮೆ. ಅಲ್ಲಿಯ ಹತ್ತಿಯನ್ನು ನಮ್ಮ ಮಾಧವರಂಗೆ ದಾಟಿಸಿ ಆದೋನಿಯಲ್ಲಿ ಬೀಜ ಬಿಡಿಸುವ ಜಿನ್ನಿಗೆ ಕಳಿಸಬಹುದು, ಹತ್ತಿಯಿಲ್ಲದ ಕಾಲಕ್ಕೆ ಜನರನ್ನು ದಾಟಿಸಬಹುದು ಎಂದು ಅವರ ಲೆಕ್ಕ. ಲಾಂಚಿಯ ಜೊತೆಗೆ ಬಂದ ಬೆಜವಾಡದ ಡ್ರೈವರು ನಮ್ಮ ಮನೆಯಲ್ಲಿ ಮೀನು ಬೇಯುವುದಿಲ್ಲವೆಂದು ತಿಳಿದ ವಾರವೇ ರೈಲು ಹತ್ತಿದ. ಆಮೇಲೆ ಯಜಮಾನರೇ ಓಡಿಸಿದರು. ಗುಂಡಿ ಒತ್ತಿದರೆ ಇಂಜಿನ್ನು ಎದ್ದು ಕೂಗುತ್ತದೆ, ದೊಡ್ಡ ವಿದ್ಯೆಯೇನೂ ಬೇಡ. ಗುಂಡಿ ಕೆಟ್ಟರೆ ಇರಲಿ ಎಂದು, ಕೈಯಿಂದ ತಿರುವಿ ಎಬ್ಬಿಸುವ ಕಬ್ಬಿಣದ ಹ್ಯಾಂಡಲೊಂದನ್ನು ಬೆಜವಾಡದವರು ಕೊಟ್ಟಿದ್ದರು. ಅದನ್ನು ಯಜಮಾನರು ಮೊದಲ ದಿನದ ಪೂಜೆಯಲ್ಲಿ, ಊರೆಲ್ಲ ನೋಡುತ್ತಿರುವಾಗ, "ಇನ್ನ ಇದರದೇನ್ ಕೆಲಸ" ಎಂದು ಹೊಳೆಗೆ ಎಸೆದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಇವತ್ತು ಆಚೆ ದಂಡೆಯಿಂದ ಉರುಕುಂದಿ ಈರಣ್ಣನ ಗುಡಿಗೆ ಹೊರಟ ಭಕ್ತರು ಲಾಂಚಿ ತುಂಬ ಇದ್ದರು. ನಡು ಹೊಳೆಯಲ್ಲಿ ಇಂಜಿನ್ನು ನಿಂತಿತು. ಯಜಮಾನರು ಗುಂಡಿ ಒತ್ತಿದರು, ಬಡಿದರು, ಬೈದರು. ಕೊನೆಗೆ ಹರಿಗೋಲಿನ ಸುಂಕಣ್ಣ ಬಂದು ಹಗ್ಗ ಕಟ್ಟಿ ಈಚೆಯ ನಮ್ಮ ದಂಡೆಗೆ ಎಳೆದು ತಂದ. ಲಾಂಚಿ ಬಂದ ಮೇಲೆ ಅವನ ಹರಿಗೋಲನ್ನು ಕೇಳುವವರಿರಲಿಲ್ಲ.

"ಸಾವುಕಾರ್ರ, ನಿಮ್ಮ ಎಮ್ಮಿ ನೀರಾಗ ಮಲಗಿತ್ತು, ಹಿಡಕೊಂಡು ಬಂದೀನಿ. ಯಾವ ಗೂಟಕ್ಕ ಕಟ್ಟಲಿ?" ಎಂದು ಕೇಳಿದ.

ಭಕ್ತರೂ ನಕ್ಕುಬಿಟ್ಟರು. ಇಳಿಯಲು ಒಂದು ಕಾಲು ಎತ್ತಿದ್ದ ಯಜಮಾನರು ಆ ಕಾಲನ್ನು ಹಾಗೇ ಒಳಗೆ ಇಟ್ಟುಕೊಂಡರು. "ಉರುಕುಂದಿ ಈರಣ್ಣನ ಆಣಿ. ಈ ಲಾಂಚಿ ತನ್ನ ಇಂಜಿನ್ನಿನ ಮ್ಯಾಲ ಆಚಿ ದಂಡಿ ಮುಟ್ಟೋತನಕ ಈ ಮರಿಬಸಪ್ಪ ನೆಲಕ್ಕ ಕಾಲಿಡಂಗಿಲ್ಲ" ಎಂದರು.

ಈರಣ್ಣನ ಆಣೆ. ಅದನ್ನು ಮುರಿಯಿರಿ ಎಂದು ನಾನು ಹೇಳಲಾರೆ. ಮುರಿಯದಿದ್ದರೆ ಆಚೆ ದಂಡೆಯ ಬೀಗರ ಮನೆಯಲ್ಲಿ ಮಗಳ ಕೈ ಹಿಡಿದು ಕೊಡುವ ಅಪ್ಪ ಇರುವುದಿಲ್ಲ. ರೊಟ್ಟಿ, ಕಂಬಳಿ, ಒಂದು ತಂಬಿಗೆ ಕೊಟ್ಟುಬಂದೆ. ಉಳಿದ ಸಂಗತಿಗಳಿಗಾಗಿ ಲಾಂಚಿಯ ಹಿಂಭಾಗಕ್ಕೆ ನನ್ನ ಹಳೆಯ ಸೀರೆಯೊಂದನ್ನು ಮರೆ ಕಟ್ಟಿಸಿದೆ.

ಜುಲೈ ೧೩, ಬುಧವಾರ

ಆದೋನಿಯ ಜಿನ್ನಿನಲ್ಲಿ ಫಿಟ್ಟರಾಗಿರುವ ಪೆದ್ದಣ್ಣ ಬಂದ. ತೆಲುಗಿನಲ್ಲಿ ಪೆದ್ದ ಎಂದರೆ ದೊಡ್ಡದು, ಹೆಸರಿಗೆ ತಕ್ಕ ದೇಹ. ಅವನು ಹತ್ತಿದ ಕೂಡಲೇ ಲಾಂಚಿ ಒಂದು ಕಡೆಗೆ ವಾಲಿತು, ಯಜಮಾನರ ತಂಬಿಗೆ ಉರುಳಿ ಹೊಳೆಗೆ ಬಿತ್ತು. ಅವನು ಗುಂಡಿ ಒತ್ತಿದ, ಹಲಗೆಗೆ ಕಿವಿ ಇಟ್ಟು ಕೇಳಿದ, ಎದ್ದು ಕೂತು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಸೆಲ್ಫ್ ಪೋಯಿಂದಮ್ಮಾ" ಎಂದ.

ದಂಡೆಯ ಮೇಲೆ ಊರು ನೆರೆದಿತ್ತು. ಏನು ಹೋಯಿತಂತೆ ಎಂದು ಒಬ್ಬರನ್ನೊಬ್ಬರು ಕೇಳಿದರು. ಇಂಗ್ಲೀಷು ಬಲ್ಲವರು ನಮ್ಮಲ್ಲಿ ನರಸಪ್ಪ ಮಾಸ್ತರರೊಬ್ಬರೇ. ಅವರು ಕನ್ನಡಕ ಏರಿಸಿಕೊಂಡು, "ಸೆಲ್ಫ್ ಅಂದ್ರ ಆತ್ಮ" ಎಂದರು. ಸ್ವಲ್ಪ ಯೋಚಿಸಿ, "ಆತ್ಮs. ಬ್ಯಾರೆ ಅರ್ಥ ಇಲ್ಲ" ಎಂದೂ ಸೇರಿಸಿದರು.

"ಲಾಂಚಿ ಆತ್ಮ ಹೋತಾ?" ಎಂದ ಸುಂಕಣ್ಣ.

"ಅವುನು, ಸೆಲ್ಫೇ" ಎಂದ ಪೆದ್ದಣ್ಣ. "ಅದು ಇಲ್ದ ಇಂಜಿನ್ ಏಳಂಗಿಲ್ಲ. ಹಳೇದು ತಗದು ಬ್ಯಾರೇದು ಹಾಕ್ಬೇಕು."

ಮಾಸ್ತರರು ಒಂದು ಹೆಜ್ಜೆ ಹಿಂದಕ್ಕೆ ಸರಿದರು. "ಬ್ಯಾರೆ ಆತ್ಮ ಎಲ್ಲಿಂದ ತರ್ತಿಯಪ್ಪ?"

"ಆದೋನಿಲಿ ಸಿಗ್ತದ್ರಿ. ಸತ್ತ ಲಾರಿಗಳು ಬೇಕಾದಷ್ಟು ಅದಾವ."

ದಂಡೆಯ ಮೇಲೆ ಹೆಂಗಸರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು.

ಇಂಜಿನ್ನು ಇರುವುದು ಹಿಂಭಾಗದ ಹಲಗೆಯ ಕೆಳಗೆ. ಇಳಿಯಲು ಒಂದು ಚೌಕದ ಬಾಯಿ ಇದೆ, ಕಾಳು ತುಂಬಿಡುವ ನಮ್ಮ ಹಗೇವಿನ ಬಾಯಿಯಷ್ಟೇ. ಗುಂಡಿ ಒತ್ತಿದಾಗ ಇಂಜಿನ್ನನ್ನು ತಿರುವಿ ಎಬ್ಬಿಸುವ ಈ ಸೆಲ್ಫು ಅದರೊಳಗೆ ಇಂಜಿನ್ನಿಗೂ ದೋಣಿಯ ಗೋಡೆಗೂ ನಡುವೆ, ತೀರ ತಳದಲ್ಲಿ ಕುಳಿತಿದೆಯಂತೆ. ಪೆದ್ದಣ್ಣ ತಲೆ ಮುಂದಾಗಿ ಇಳಿದ. ಹೊಟ್ಟೆಯವರೆಗೆ ಹೋದ. ಅಲ್ಲಿಂದ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಎರಡು ಕಾಲು ಮೇಲೆ ಆಡುತ್ತಿದ್ದವು, ಒಳಗಿನಿಂದ ತೆಲುಗಿನಲ್ಲಿ ತಾಯಿಯನ್ನು ಕರೆಯುವುದು ಕೇಳುತ್ತಿತ್ತು. ಯಜಮಾನರು ಒಂದು ಕಾಲು, ನಾನು ಒಂದು ಕಾಲು ಎಳೆದೆವು. ಕೊನೆಗೆ ಮದುವೆಗೆಂದು ಗಾಣದಿಂದ ತಂದಿಟ್ಟಿದ್ದ ಕುಸುಬೆ ಎಣ್ಣೆಯನ್ನು ಅವನ ಸುತ್ತ ಸುರಿದೆವು. ಅಂಗಿಯನ್ನು ಒಳಗೇ ಬಿಟ್ಟು ಹೊರಗೆ ಬಂದ.

"ಸಣ್ಣಗಿರೋರ್ನ ಯಾರನ್ನರ ಇಳಸ್ರಿ, ನಾನು ಮ್ಯಾಲಿಂದ ಹೇಳ್ತೀನಿ" ಎಂದ.

"ಆತ್ಮ ಹೋದ ಜಾಗದಾಗ ತಲಿ ಹಾಕೋರು ಯಾರಪ್ಪ?" ಎಂದ ಸುಂಕಣ್ಣ. "ನಿನ್ನ ಹಿಡಕೊಂಡಿದ್ದು ನಮಗ ಕಾಣಲಿಲ್ಲೇನು?"

ಜುಲೈ ೧೪, ಗುರುವಾರ

ಬೆಳಿಗ್ಗೆ ಪಕ್ಕದ ಮನೆಯ ಪಕೀರಮ್ಮ ಬುತ್ತಿ ಕಟ್ಟಿಕೊಂಡು ಬಂದಳು. ಸಾವಾದ ಮನೆಯಲ್ಲಿ ಒಲೆ ಹೊತ್ತುವುದಿಲ್ಲವೆಂದು ನೆರೆಹೊರೆಯವರು ತರುತ್ತಾರಲ್ಲ, ಹಾಗೆ. ಸಜ್ಜೆ ರೊಟ್ಟಿ, ಪುಂಡಿಪಲ್ಯ. ನನ್ನ ಪಕ್ಕದಲ್ಲಿ ಕುಳಿತು ಬೆನ್ನ ಮೇಲೆ ಕೈ ಇಟ್ಟಳು.

"ವಯಸ್ಸಾಗಿತ್ತೇನಕ್ಕ?"

"ಯಾರಿಗೆ?"

"ಲಾಂಚಿಗೆ."

"ಬೆಜವಾಡದಾಗ ಇದ್ದದ್ದು, ಎಷ್ಟಾಗಿತ್ತೋ ಗೊತ್ತಿಲ್ಲ."

"ನರಳಲಿಲ್ಲಲ್ಲ, ಅಷ್ಟು ಪುಣ್ಯ ಮಾಡಿತ್ತು ಬಿಡು ಗುರುಶಾಂತಮ್ಮಕ್ಕ" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಸಂಜೆಯ ಹೊತ್ತಿಗೆ ಇನ್ನೂ ಆರೇಳು ಮನೆಗಳಿಂದ ಬುತ್ತಿ ಬಂತು. ಇದು ಯಂತ್ರ, ಸತ್ತದ್ದಲ್ಲ ಎಂದು ಹೇಳಿ ನೋಡಿದೆ. ದುಃಖದಲ್ಲಿ ಹೀಗೇ ಮಾತಾಡುತ್ತಾರೆ ಎಂದುಕೊಂಡರು. ಪೆದ್ದಣ್ಣ ನಮ್ಮ ಪಡಸಾಲೆಯಲ್ಲಿ ಉಳಿದುಕೊಂಡಿದ್ದಾನೆ, ಬುತ್ತಿಗಳು ಹಾಳಾಗಲಿಲ್ಲ.

ಜುಲೈ ೧೭, ಭಾನುವಾರ

ಬೀಗತಿ ಲಿಂಗಕ್ಕನವರು ಸುಂಕಣ್ಣನ ಹರಿಗೋಲಿನಲ್ಲಿ ಮಾತು ಕಳಿಸಿದ್ದಾರೆ. ಲಿಂಗವಂತರಿಗೆ ಸೂತಕವಿಲ್ಲ ನಿಜ, ಆದರೂ ಲಾಂಚಿ ಸತ್ತ ಸುದ್ದಿ ಅಲ್ಲಿಯೂ ಹಬ್ಬಿದೆ, ಜನ ಆಡಿಕೊಳ್ಳುತ್ತಾರಂತೆ. ಅದನ್ನು ಬೇಕಾದರೆ ನುಂಗಿಕೊಳ್ಳುತ್ತಾರಂತೆ. ಹೆಣ್ಣಿನ ಅಪ್ಪ ಮಂಟಪಕ್ಕೆ ಬರಲೇಬೇಕು, ಬರದಿದ್ದರೆ ಮದುವೆಯನ್ನು ಕಾರ್ತೀಕಕ್ಕೆ ನೂಕೋಣ, ಇಲ್ಲವೇ ಬಿಟ್ಟೇಬಿಡೋಣ ಎಂದಿದ್ದಾರೆ. ಸುಂಕಣ್ಣ ಇದನ್ನು ದಂಡೆಯ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದ.

ವೀರಬಸಮ್ಮ ಒಳಗೆ ಹೋಗಿ ಕದ ಹಾಕಿಕೊಂಡಳು. ಕದದ ಆಚೆಯಿಂದ, "ಅಪ್ಪ ಬರಲಿಲ್ಲಂದ್ರ ನಾ ತಾಳಿ ಕಟ್ಟಿಸ್ಕೊಳ್ಳಂಗಿಲ್ಲವ್ವ. ಹುಡುಗ ಒಳ್ಳೇವ ಅದಾನ, ಅದಕ್ಕ ಅಳು ಬರಾಕತ್ತೈತಿ" ಎಂದಳು.

ಮಠದ ಅಯ್ಯನವರ ಕಾಲಿಗೆ ಬಿದ್ದು ಕೇಳಿದೆ. ಅವರು, ಆಣೆ ಇರುವುದು ಕಾಲಿಗೆ, ನೆಲಕ್ಕೆ ಕಾಲು ತಾಗದಂತೆ ಮಂಚದ ಮೇಲೆ ಹೊತ್ತುಕೊಂಡು ಹೋದರೆ ದೋಷವಿಲ್ಲ ಎಂದರು. ಸಂತೋಷದಿಂದ ನಾಲ್ಕು ಆಳು, ಒಂದು ಮಂಚ ಕರೆದುಕೊಂಡು ಹೊಳೆಗೆ ಹೋದೆ. ಯಜಮಾನರು ಮಂಚ ನೋಡಿದರು, ನಾಲ್ಕು ಆಳು ನೋಡಿದರು.

"ಹಂಗ ಹೊತ್ತುಕೊಂಡು ಒಯ್ಯೂ ಕಾಲ ನನಗಿನ್ನೂ ಬಂದಿಲ್ಲ. ನಾನು ಇಂಜಿನ್ನಿನ ಮ್ಯಾಲ ಅಂದೀನಿ. ಈರಣ್ಣ ಕೇಳಿಸ್ಕೊಂಡಾನ."

ಇನ್ನೊಂದು ಬುತ್ತಿ ತಾ ಎಂದೂ ಹೇಳಿದರು. ಪಕೀರಮ್ಮನ ಪುಂಡಿಪಲ್ಯ ರುಚಿಯಾಗಿತ್ತಂತೆ.

ಜುಲೈ ೧೯, ಮಂಗಳವಾರ, ಅಮಾವಾಸ್ಯೆ

ಹೊಳೆಯ ಕಡೆಗೆ ಯಾರೂ ಸುಳಿಯಲಿಲ್ಲ. ರೊಟ್ಟಿ ಕೊಡಲು ಹೋದಾಗ ಆ ಚೌಕದ ಬಾಯಿಗೆ ನನ್ನ ಭುಜಗಳನ್ನು ಅಳತೆ ಹಿಡಿದು ನೋಡಿದೆ. ಯಾಕೆ ನೋಡಿದೆನೋ.

ಜುಲೈ ೨೦, ಬುಧವಾರ

ಶ್ರಾವಣ ಹುಟ್ಟಿತು. ಒಳಗೆ ಇಳಿದೆ.

ಎದೆಯ ಮೇಲೆ ಲಿಂಗ ಇರುವವಳಿಗೆ ಯಾವ ಆತ್ಮ ಏನು ಮಾಡೀತು. ಕಳೆ ಕೀಳುವಾಗ ಉಡುವ ಹಾಗೆ ಸೀರೆಯನ್ನು ಕಚ್ಚೆ ಹಾಕಿ ಉಟ್ಟುಕೊಂಡು ಹೋದೆ. ಯಜಮಾನರು ಅಡ್ಡ ನಿಂತರು.

"ಮರಿಬಸಪ್ಪನ ಹೇಣ್ತಿ ಇಂಜಿನ್ನಿಗೆ ಇಳದಾಳ ಅಂದ್ರ ಮಂದಿ ಏನಂದಾರು?"

"ಹಂಗಾರ ನೀವು ಇಳೀರಿ."

"ನಾನು ಕಾಲಿಡಂಗಿಲ್ಲ ಅಂದೀನಲ್ಲ."

"ಅದು ನೆಲ ಅಲ್ರಿ."

ಬಗ್ಗಿ ಒಳಗೆ ನೋಡಿದರು. ಎಷ್ಟು ಆಳವಿದೆ ಎಂದು ಪೆದ್ದಣ್ಣನನ್ನು ಕೇಳಿದರು. ಆಮೇಲೆ ಪಕ್ಕಕ್ಕೆ ಸರಿದು, ನನ್ನ ಹೆಂಡತಿಗೆ ನಾನೇ ಅಪ್ಪಣೆ ಕೊಟ್ಟಿದ್ದೇನೆ ಎಂದು ದಂಡೆಯವರಿಗೆ ಸಾರಿದರು.

ಒಳಗೆ ಮಂಡಿಯೂರಿದರೆ ತಲೆ ಹಲಗೆಗೆ ತಾಗುತ್ತದೆ, ತಲೆ ತಗ್ಗಿಸಿದರೆ ಗಲ್ಲ ಇಂಜಿನ್ನಿಗೆ ತಾಗುತ್ತದೆ. ತಳದಲ್ಲಿ ಕೊಳೆತ ನೀರು, ಒಂದು ಸತ್ತ ಕಪ್ಪೆ, ಪೆದ್ದಣ್ಣನ ಅಂಗಿ. ಎಡಕ್ಕೆ ಹೊರಳಿ ಮಲಗಿದರೆ ಮಾತ್ರ ಬಲಗೈ ಸೆಲ್ಫಿನವರೆಗೆ ಹೋಗುತ್ತದೆ. ಅದು ಒಂದು ದಪ್ಪ ಕಬ್ಬಿಣದ ಡಬ್ಬಿ, ಒನಕೆಯ ತುಂಡಿನಷ್ಟಿದೆ. ಆತ್ಮ ಇಷ್ಟು ಭಾರವಿರುತ್ತದೆಂದು ನಾನು ತಿಳಿದಿರಲಿಲ್ಲ. ಕತ್ತಲೆಗೆ ವೀರಬಸಮ್ಮ ಮದುವೆಗೆ ತಂದ ಕನ್ನಡಿಯನ್ನು ಬಿಸಿಲಿಗೆ ಹಿಡಿದು ಬೆಳಕನ್ನು ಒಳಗೆ ಬಿಟ್ಟಳು. ಜಾಣೆ.

ಪೆದ್ದಣ್ಣ ಆ ಚೌಕದ ಬಾಯಿಗೆ ಮುಖ ಇಟ್ಟು, ದಪ್ಪ ವೈರಿನ ನಟ್ಟು ಬಿಚ್ಚಮ್ಮಾ ಎಂದ. ನಟ್ಟು ತಿರುಗಿಸುವ ಪಾನಾ ಇಟ್ಟೆ. ಪಾನಾದ ಇನ್ನೊಂದು ತುದಿ ಇಂಜಿನ್ನಿಗೆ ತಾಗಿತು. ಚಟಾರೆಂದು ನೀಲಿ ಬೆಂಕಿ ಹಾರಿ, ನನ್ನ ಕೈಯಿಂದ ಪಾನಾ ಕಿತ್ತುಕೊಂಡು ಹೋಯಿತು. "ಎದ್ದಿತು, ಎದ್ದಿತು" ಎನ್ನುತ್ತ ದಂಡೆಯ ಜನ ಓಡಿದ ಸದ್ದು ಕೇಳಿಸಿತು.

"ಮೊದ್ಲು ಬ್ಯಾಟರಿ ವೈರ್ ತಗೀಬೇಕು, ತಗದೀರಾ?" ಎಂದು ಪೆದ್ದಣ್ಣ ಕೇಳಿದ.

"ನೀ ಹೇಳಿದಿ ಏನು?"

"ಹೇಳಲಿಲ್ಲೇನು?" ಎಂದು ಯಜಮಾನರನ್ನು ಕೇಳಿದ. ಯಜಮಾನರು ಲಾಂಚಿಯ ಮೂತಿಯ ಮೇಲೆ ಹತ್ತಿ ನಿಂತಿದ್ದರಂತೆ.

ಜುಲೈ ೨೧, ಗುರುವಾರ

ಬೋಲ್ಟು ಮೂರು ಇವೆ. ಯಾವ ಕಡೆಗೆ ತಿರುಗಿಸಬೇಕು ಎಂಬುದರಲ್ಲೇ ಅರ್ಧ ದಿನ ಹೋಯಿತು. ಪೆದ್ದಣ್ಣ ಮೇಲಿನಿಂದ ಎಡಕ್ಕೆ ಎನ್ನುತ್ತಾನೆ. ನಾನು ತಲೆಕೆಳಗಾಗಿ ಮಲಗಿದ್ದೇನೆ, ಅವನ ಎಡ ನನಗೆ ಬಲ. ಯಜಮಾನರು ತಮ್ಮ ಎಡವನ್ನು ಬೇರೆ ಹೇಳುತ್ತಾರೆ. ಇದ್ದ ಬಿಗಿಯ ಮೇಲೆ ಇನ್ನಷ್ಟು ಬಿಗಿ ಮಾಡಿ ಕೈ ನೋಯಿಸಿಕೊಂಡೆ. ಕೊನೆಗೆ ನನಗೇ ಹೊಳೆಯಿತು. ಬೋಲ್ಟಿನ ತಲೆಯನ್ನು ಗುಡಿ ಎಂದುಕೊಳ್ಳಬೇಕು. ಪ್ರದಕ್ಷಿಣೆ ಬಂದರೆ ಬಿಗಿಯುತ್ತದೆ, ಅಪ್ರದಕ್ಷಿಣೆ ಬಂದರೆ ಸಡಿಲುತ್ತದೆ. ಎಲ್ಲಿ ಮಲಗಿದರೂ ಹೇಗೆ ಮಲಗಿದರೂ ಇದು ತಪ್ಪುವುದಿಲ್ಲ.

ಆದರೆ ಹುಟ್ಟಿದಾಗಿನಿಂದ ನಾನು ಯಾವುದಕ್ಕೂ ಅಪ್ರದಕ್ಷಿಣೆ ಹಾಕಿದವಳಲ್ಲ. ಒಂದೊಂದು ಸುತ್ತಿಗೂ "ತಪ್ಪಾಯಿತು ತಂದೆ" ಎಂದು ಹೇಳಿಕೊಂಡೆ. ಮೊದಲನೆಯ ಬೋಲ್ಟು ಬಂತು. ತಪ್ಪಾಯಿತು ಎನ್ನುವುದನ್ನು ಬೇಗ ಬೇಗ ಹೇಳಿದರೆ ಕೈಯೂ ಬೇಗ ಆಡುತ್ತದೆ.

ಜುಲೈ ೨೨, ಶುಕ್ರವಾರ

ಎರಡನೆಯದು ಬಂತು. ಮೂರನೆಯದು ಕಣ್ಣಿಗೆ ಕಾಣುವುದಿಲ್ಲ. ಸೆಲ್ಫಿನ ಬೆನ್ನಿಗಿದೆ. ಬೆರಳಿಗೆ ಅದರ ತಲೆ ಸಿಗುತ್ತದೆ, ಪಾನಾಕ್ಕೆ ಸಿಗುವುದಿಲ್ಲ. ಸಿಟ್ಟು ಬಂದು ಅದನ್ನು ಬೈದೆ. ಏನು ಬೈದೆನೆಂದು ಇಲ್ಲಿ ಬರೆಯುವುದಿಲ್ಲ. ಮೇಲೆ ವೀರಬಸಮ್ಮ ಕನ್ನಡಿ ಅಲುಗಿಸುವಷ್ಟು ನಕ್ಕಳು.

ಜುಲೈ ೨೪, ಭಾನುವಾರ, ಪಂಚಮಿ

ಪೆದ್ದಣ್ಣ ಒಂದು ಪಾನಾದ ಹಿಡಿಯನ್ನು ಕಮ್ಮಾರನ ಕುಲುಮೆಯಲ್ಲಿ ಕಾಯಿಸಿ, ಕುಡುಗೋಲಿನ ಹಾಗೆ ಬಗ್ಗಿಸಿ ತಂದ. ಇಪ್ಪತ್ತು ಸಲ ಜಾರಿತು. ಜಾರಿದಾಗಲೆಲ್ಲ ಮೊಣಕೈ ದೋಣಿಯ ಗೋಡೆಗೆ ಬಡಿಯಿತು. ಕಣ್ಣು ಮುಚ್ಚಿಕೊಂಡು, ಕತ್ತಲೆಯಲ್ಲಿ ಸೂಜಿಗೆ ದಾರ ಪೋಣಿಸುವ ಹಾಗೆ ಬೆರಳಿಗೇ ಕೆಲಸ ಬಿಟ್ಟಾಗ ಹಿಡಿಯಿತು. ಕೀರೆಂದು ಒಂದು ಸದ್ದು. ಅಷ್ಟು ಹಿತವಾದ ಸದ್ದನ್ನು ಈ ನಡುವೆ ಕೇಳಿರಲಿಲ್ಲ.

ಸೆಲ್ಫನ್ನು ಎದೆಗವಚಿಕೊಂಡು ಮೇಲಕ್ಕೆ ಎತ್ತಿ ಕೊಟ್ಟೆ. ಪೆದ್ದಣ್ಣ ಅದನ್ನು ಹಲಗೆಯ ಮೇಲೆ ಇಟ್ಟ. ದಂಡೆಯಲ್ಲಿ ಕೆಲವರು ತಲೆಯ ರುಮಾಲು ತೆಗೆದರು.

ಹುತ್ತಕ್ಕೆ ಹಾಲೆರೆಯಲು ಹೋಗುವಾಗ ಮಧ್ಯಾಹ್ನ ಮೀರಿತ್ತು. ಹಾಲಿನ ಗಿಂಡಿಯ ಮೇಲೆ ನನ್ನ ಐದು ಬೆರಳಿನ ಕಪ್ಪು ಗುರುತು. ನಾಗಪ್ಪ ಏನೂ ಅಂದುಕೊಳ್ಳಲಾರ.

ಜುಲೈ ೨೫, ಸೋಮವಾರ

ಈ ಸೆಲ್ಫಿನ ಜೋಡು ಹುಡುಕಲು ಪೆದ್ದಣ್ಣ ಅದನ್ನು ಆದೋನಿಗೆ ಒಯ್ಯಬೇಕಾಗಿತ್ತು. ಮನೆಯಲ್ಲಿ ಕೈಗೆ ಸಿಕ್ಕ ಒಂದು ಬಿಳಿ ಪಂಚೆಯಲ್ಲಿ ಸುತ್ತಿ ಕೊಟ್ಟೆ. ತಪ್ಪಾಯಿತು. ಅವನು ಅದನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬೀದಿಗೆ ಇಳಿದ ಕೂಡಲೇ ಜನ ಎರಡೂ ಕಡೆಗೆ ಸರಿದು ಹಾದಿ ಬಿಟ್ಟರು. ಸುಂಕಣ್ಣನೂ ನಗಲಿಲ್ಲ.

"ಹೂಳ್ತೀರೋ ಸುಡ್ತೀರೋ?" ಎಂದು ಮೆಲ್ಲಗೆ ಕೇಳಿದ.

"ಲಾರಿ ಅಂಗಡಿಗೆ ಕೊಡ್ತೀನಿ" ಎಂದ ಪೆದ್ದಣ್ಣ.

ಬಸ್ಸಿನಲ್ಲಿ ಅವನ ಪಕ್ಕಕ್ಕೆ ಯಾರೂ ಕೂಡಲಿಲ್ಲವಂತೆ, ಹತ್ತಿಸಿ ಬಂದವರು ಹೇಳಿದರು. ಅವನ ಗಾತ್ರಕ್ಕೆ ಅದು ಒಳ್ಳೆಯದೇ ಆಯಿತು.

ಜುಲೈ ೨೮, ಗುರುವಾರ

ಪೆದ್ದಣ್ಣ ಬರಲಿಲ್ಲ. ಬೀಗರಿಂದ ಮತ್ತೆ ಮಾತು ಬಂತು: ಬರುತ್ತಾರೋ ಇಲ್ಲವೋ ಹೇಳಿರಿ, ಚಪ್ಪರ ಹಾಕಬೇಕು. 'ಬರುತ್ತಾರೆ' ಎಂದು ಹೇಳಿ ಕಳಿಸಿದೆ. ಯಾವ ಧೈರ್ಯದ ಮೇಲೆ ಹೇಳಿದೆನೋ ಗೊತ್ತಿಲ್ಲ.

ಹೊತ್ತು ಹೋಗದೆ ಲಾಂಚಿಯಲ್ಲಿ ಯಜಮಾನರ ಎದುರು ಕುಳಿತೆ. ಗಡ್ಡ ಬಂದಿದೆ. ಇಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ, ವ್ಯಾಪಾರದವರ ಕಾಟವಿಲ್ಲ ಎಂದರು. ಚಕ್ರವನ್ನು ಹೇಗೆ ತಿರುಗಿಸಬೇಕು, ಮುಂದಕ್ಕೆ ಹೋಗಲು ಯಾವ ಹಿಡಿ, ನಿಲ್ಲಿಸಲು ಯಾವುದು ಎಂದು ಕೇಳಿದೆ.

"ಕಲತು ಏನ್ ಮಾಡ್ತಿ?"

"ಸುಮ್ಮನ."

ಎಲ್ಲ ಹೇಳಿದರು. ಹೇಳುವಾಗ ಅವರ ಕೈ ಚಕ್ರವನ್ನು ಮುಟ್ಟಲಿಲ್ಲ. ನಡು ಹೊಳೆಯಲ್ಲಿ ಅವತ್ತು ನಿಂತಾಗ ನೀರು ಎಷ್ಟು ಸೆಳೆಯಿತೆಂದು ಎರಡು ಸಲ ಹೇಳಿದರು.

ಜುಲೈ ೩೦, ಶನಿವಾರ

ಬಂತು. ಪೆದ್ದಣ್ಣ ನಿನ್ನೆ ಸಂಜೆ ತಂದ. ಸತ್ತ ಮಿಲಿಟರಿ ಲಾರಿಯದಂತೆ. ಹಲ್ಲುಗಳ ಲೆಕ್ಕ ಸರಿ, ತೂತುಗಳ ಲೆಕ್ಕ ಸರಿ. ಕಂಡವರದು, ಯಾವ ಯುದ್ಧದಲ್ಲಿ ಏನು ನೋಡಿದ್ದೋ, ಎಂದು ಶುದ್ಧಿ ಮಾಡಿಕೊಂಡೆ. ನೀರಲ್ಲಿ ಕಲಸಿದ ವಿಭೂತಿಯನ್ನು ಅದರ ಮೈಗೆ, ಇಂಜಿನ್ನಿಗೆ ಕೂಡುವ ಮುಖಕ್ಕೆ, ಮೂರು ಬೋಲ್ಟುಗಳಿಗೆ ದಪ್ಪಗೆ ಬಳಿದೆ. ಒಣಗಿದ ಮೇಲೆ ಇನ್ನೊಮ್ಮೆ ಬಳಿದೆ. ಇಂಜಿನ್ನಿಗೂ ಬಳಿದೆ.

ಹಾಕುವುದು ತೆಗೆಯುವುದಕ್ಕಿಂತ ಕಷ್ಟ. ಒಂದು ಕೈಯಲ್ಲಿ ಭಾರ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಕಾಣದ ತೂತಿಗೆ ಬೋಲ್ಟು ಹುಡುಕಬೇಕು. ಎರಡು ಸಲ ಹೊಟ್ಟೆಯ ಮೇಲೆ ಬಿತ್ತು. ಮೂರನೆಯ ಸಲ ಮಂಡಿಯನ್ನು ಅಡ್ಡ ಕೊಟ್ಟು, ಮೊದಲು ಹಿಂದಿನ ಬೋಲ್ಟಿಗೇ ಕೈ ಹಾಕಿದೆ. ಪೆದ್ದಣ್ಣ ಅದನ್ನು ಕೊನೆಗೆ ಹಾಕು ಎಂದಿದ್ದ. ಕೊನೆಗೆ ಹಾಕಿದರೆ ಕೈಗೆ ಜಾಗವಿರುವುದಿಲ್ಲ, ಅವನಿಗೆ ಗೊತ್ತಾಗಲು ಅವನು ಇಳಿದಿದ್ದಾನೆಯೇ. ಪ್ರದಕ್ಷಿಣೆ ಹಾಕಿ ಬಿಗಿದೆ. ಸಂಜೆಯಾಯಿತು.

ಜುಲೈ ೩೧, ಭಾನುವಾರ

ಗುಂಡಿ ಒತ್ತಿದರೆ ಟಕ್ ಎನ್ನುತ್ತದೆ. ಅಷ್ಟೇ. ನಾಳೆ ಮದುವೆ.

ವೀರಬಸಮ್ಮ ಅರಿಶಿನ ಹಚ್ಚಿಕೊಂಡ ಮೈಯಲ್ಲೇ ಬಂದು ಹಲಗೆಯ ಮೇಲೆ ಕುಳಿತಳು. ಪೆದ್ದಣ್ಣ ಬ್ಯಾಟರಿ ನೋಡಿದ, ವೈರು ನೋಡಿದ, ತಲೆ ಕೆರೆದುಕೊಂಡ.

"ಕರೆಂಟು ವೈರಿನಾಗ ಬಂದು, ಇಂಜಿನ್ ಮೈಮ್ಯಾಲಿಂದ ತಿರುಗಿ ಹೋಗ್ಬೇಕಮ್ಮಾ. ಇನುಮಿಗೆ ಇನುಮು, ಕಬ್ಬಿಣಕ್ಕ ಕಬ್ಬಿಣ ತಾಕ್ಬೇಕು. ನಡುವ ಏನಾದ್ರೂ ಇಟ್ಟೀರಾ?"

"ಏನೂ ಇಲ್ಲ. ವಿಭೂತಿ ಅಷ್ಟs."

"ಎಂತ? ಎಷ್ಟು?"

"ಒಂದು ಉಂಡಿ."

ಅವನು ಹಣೆ ಹಿಡಿದುಕೊಂಡ. ಯಜಮಾನರು ಎದ್ದು ನಿಂತರು. "ಹಚ್ಚಿದ ವಿಭೂತಿ ಒರಸ್ತಿ ಏನು? ಮದುವಿ ಮುಂದ? ಶಿವನ ಮುನಿಸಿಗೆ ಬೀಳೂದು ಬ್ಯಾಡ. ಅದರ ಹಣೇಬರದಾಗ ಇದ್ರ ತಾನs ಏಳ್ತದ. ಇಲ್ಲಂದ್ರ ನೀವು ಹರಿಗೋಲಿನಾಗ ಹೋಗ್ರಿ, ನಾ ಇಲ್ಲಿಂದs ಅಕ್ಕಿಕಾಳು ಹಾಕ್ತೀನಿ."

ಮಗಳು ಅಪ್ಪನ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಕನ್ನಡಿ ತಾ ಎಂದೆ.

ಇಳಿದೆ. ಮೂರೂ ಬೋಲ್ಟು ಬಿಚ್ಚಿದೆ, ಈ ಸಲ ಬೇಗ ಬಂದವು. ಸೀಮೆಎಣ್ಣೆಯಲ್ಲಿ ಅರಿವೆ ಅದ್ದಿ ಸೆಲ್ಫಿನ ಮುಖವನ್ನು, ಇಂಜಿನ್ನಿನ ಮುಖವನ್ನು, ಬೋಲ್ಟಿನ ಕೊರಳನ್ನು ಒರೆಸಿದೆ. ಉಗುರು ಹಾಕಿ ಕೆರೆದೆ. ಮರಳು ಕಾಗದ ಹಾಕಿ ತಿಕ್ಕಿದೆ. ಬೆಳ್ಳಿಯ ಹಾಗೆ ಹೊಳೆಯುವ ತನಕ ಬಿಡಲಿಲ್ಲ. ಯಜಮಾನರು ಬಾಯಿಯ ಹತ್ತಿರ ಬಗ್ಗಿ ಪಂಚಾಕ್ಷರಿ ಹೇಳುತ್ತಿದ್ದರು. ಬೆಳಕಿಗೆ ಅಡ್ಡ ಬರಬೇಡಿರಿ ಎಂದೆ.

ಮತ್ತೆ ಕೂಡಿಸುವಷ್ಟರಲ್ಲಿ ಬಿಸಿಲು ಹೋಗಿ ಕನ್ನಡಿ ಕುರುಡಾಯಿತು. ಹಿಂದಿನ ಬೋಲ್ಟು ಉಳಿದಿದೆ. ಬೆಳಿಗ್ಗೆ ಹಾಕಬೇಕು.

ಆಗಸ್ಟ್ ೨, ಮಂಗಳವಾರ, ಬೀಗರ ಮನೆಯಲ್ಲಿ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಬೆಳಕು ಹರಿದ ಕೂಡಲೇ ಹೋಗಿ ಬೋಲ್ಟು ಹಾಕಿದೆ. ಕೊನೆಯ ಅರ್ಧ ಸುತ್ತನ್ನು ಹಿಡಿಗೆ ಒದ್ದು ಬಿಗಿದೆ. ವೈರು ಕೂಡಿಸಿ, ಒತ್ತು ಎಂದು ಒಳಗಿನಿಂದಲೇ ಕೂಗಿದೆ. ಪೆದ್ದಣ್ಣ ಒತ್ತಿದ. ನನ್ನ ಕಿವಿಯ ಪಕ್ಕದಲ್ಲೇ ಸೆಲ್ಫು ಗಿರ್ರೆಂದು ತಿರುಗಿತು, ಅದರ ಹಲ್ಲು ಮುಂದಕ್ಕೆ ನುಗ್ಗಿ ಇಂಜಿನ್ನಿನ ದೊಡ್ಡ ಚಕ್ರವನ್ನು ಕಚ್ಚಿತು, ಇಂಜಿನ್ನು ಎರಡು ಸಲ ಕೆಮ್ಮಿ ಎದ್ದಿತು. ಎದ್ದ ಕೂಡಲೇ ಹಲ್ಲು ತಾನಾಗಿ ಹಿಂದಕ್ಕೆ ಬಂದು ಕುಳಿತಿತು. ಅದೇ ಮುಖ್ಯ. ಕೆಲಸ ಮುಗಿದ ಮೇಲೆ ಹಿಂದಕ್ಕೆ ಬರದಿದ್ದರೆ ಇಂಜಿನ್ನು ಅದನ್ನು ತಿರುವಿ ತಿರುವಿ ಪುಡಿ ಮಾಡಿಬಿಡುತ್ತದೆ. ನಾಲ್ಕು ಸಲ ನಿಲ್ಲಿಸಿ ಎಬ್ಬಿಸಿ ನೋಡಿದೆವು. ನಾಲ್ಕು ಸಲವೂ ಹಿಂದಕ್ಕೆ ಬಂತು. ದಂಡೆಯಲ್ಲಿ ನರಸಪ್ಪ ಮಾಸ್ತರರು ಇದಕ್ಕೆ ಪುನರ್ಜನ್ಮ ಎನ್ನುತ್ತಾರೆ ಎಂದು ಜನಕ್ಕೆ ವಿವರಿಸುತ್ತಿದ್ದರು. ಮನೆಗೆ ಓಡಿಹೋಗಿ ಸ್ನಾನ, ಪೂಜೆ ಮುಗಿಸಿ ಬಂದೆ.

ಎಲ್ಲರೂ ಹತ್ತಿದರು. ಪೆದ್ದಣ್ಣ ಚಕ್ರ ಹಿಡಿದ. ಯಜಮಾನರು ರೇಷ್ಮೆ ರುಮಾಲು ಸುತ್ತಿಕೊಂಡು ಮೂತಿಯಲ್ಲಿ ನಿಂತರು. ಬೋಲ್ಟು ಸಡಿಲುತ್ತದೆಯೋ ಎಂದು ಅನುಮಾನವಾಗಿ, ಮದುವೆಯ ಸೀರೆಯ ಮೇಲೆ ಕಂಬಳಿ ಸುತ್ತಿಕೊಂಡು ನಾನು ಕೆಳಗೆ ಇಳಿದೆ. ಹೊಳೆ ದಾಟುವಷ್ಟು ಹೊತ್ತೂ ಅದರ ಮೇಲೆ ಅಂಗೈ ಇಟ್ಟು ಕುಳಿತಿದ್ದೆ. ಸಣ್ಣಗೆ ನಡುಗುತ್ತಿತ್ತು, ಬೆಚ್ಚಗಿತ್ತು, ಸಡಿಲಲಿಲ್ಲ. ಹಾಗಾಗಿ ಯಜಮಾನರು ಆಚೆ ದಂಡೆಗೆ ಕಾಲಿಟ್ಟದ್ದನ್ನು ನಾನು ನೋಡಲಿಲ್ಲ. ವಾದ್ಯ ಬಾರಿಸಿದರು, ಜನ ಕೂಗಿದರು, ಆಣೆ ನಡೆಸಿದ ಗಂಡಸು ಎಂದರು. ಅವರು ಇಷ್ಟು ದಿನದ ಮೇಲೆ ನೆಲ ಮುಟ್ಟಿದ್ದಕ್ಕೆ ಎರಡು ಹೆಜ್ಜೆ ತೂರಾಡಿದರಂತೆ.

ಹುಡುಗಿಯ ಅವ್ವ ಎಲ್ಲಿ ಎಂದು ಲಿಂಗಕ್ಕನವರು ಹುಡುಕುವಾಗ ನಾನು ಇಂಜಿನ್ನಿನ ಚೌಕದ ಬಾಯಿಯಿಂದ ತಲೆ ಹೊರಗೆ ಹಾಕಿದೆ. ನನ್ನ ಕೈ ಹಿಡಿದು ಎಳೆದುಕೊಂಡು, ಆಮೇಲೆ ತಮ್ಮ ಕೈ ನೋಡಿಕೊಂಡರು.

"ನಿಮ್ಮ ಕಡಿ ಮದರಂಗಿ ಹಿಂಗ ಕರ್ರಗ ಇರ್ತದೇನ್ರಿ ಬೀಗತಿ?"

"ಹೂನ್ರಿ" ಎಂದೆ.

ಮದುವೆಯೂ ಚೆನ್ನಾಗಿ ಆಯಿತು.

ಆಗಸ್ಟ್ ೩, ಬುಧವಾರ, ಮಾಧವರಂ

ಮಗಳನ್ನು ಬಿಟ್ಟು ಹೊರಟೆವು. ನಾನು ಅಳುವೆನೆಂದುಕೊಂಡಿದ್ದೆ. ಅಳುವೂ ಬಂತು, ಆದರೆ ವೀರಬಸಮ್ಮ ಕಿವಿಯಲ್ಲಿ, "ಅವ್ವ, ಆ ಹಿಂದಿನ ಬೋಲ್ಟು ಒಮ್ಮೆ ನೋಡು" ಎಂದಾಗ ನಗು ಬಂತು.

ದಂಡೆಯಲ್ಲಿ ಯಜಮಾನರು ಲಾಂಚಿಯಿಂದ ಮಾರು ದೂರದಲ್ಲೇ ನಿಂತರು.

"ನನ್ನ ಆಣಿ ಆಚಿಂದ ಈಚಿಗೆ ಬರೂತನಕ ಇತ್ತು, ಮುಗೀತು. ತಿರುಗಿ ಹೋಗೂದಕ್ಕ ಆಣಿ ಮಾಡಿಲ್ಲ. ನಾನು ಸುಂಕಣ್ಣನ ಹರಿಗೋಲಿನಾಗ ಬರ್ತೀನಿ."

"ಲಾಂಚಿ?"

"ಪೆದ್ದಣ್ಣ ತರ್ತಾನ."

ಪೆದ್ದಣ್ಣ ಬೀಗರ ಮನೆಯ ಹೋಳಿಗೆ ತಿಂದು ಲಾಂಚಿಯ ನಡುವೆ ಮಲಗಿದ್ದ. ಅಲುಗಿಸಿ ನೋಡಿದೆ. ಒಂದು ಕಣ್ಣು ತೆರೆದು, "ಮೀರೇ ಪೋನೀಂಡಮ್ಮಾ, ನೀವs ನಡಸ್ರಿ" ಎಂದು ಮುಚ್ಚಿಕೊಂಡ.

ಸುಂಕಣ್ಣ ಯಜಮಾನರನ್ನು ಕೂಡಿಸಿಕೊಂಡು ಹುಟ್ಟು ಹಾಕುತ್ತ ಮುಂದೆ ಹೋದ. ಹೋಗುವಾಗ, "ಅಮ್ಮಾರ, ಎಮ್ಮಿ ಹಿಂಡೂದು ಗೊತ್ತಿದ್ರ ಸಾಲದು, ಹೊಡೀಲಿಕ್ಕೂ ಬರಬೇಕು" ಎಂದು ಕೂಗಿದ. ನಾನು ಮೊದಲು ಕೆಳಗೆ ಇಳಿದು ಬೋಲ್ಟು ಮೂರನ್ನೂ ಮುಟ್ಟಿ ನೋಡಿದೆ. ಮೇಲೆ ಬಂದು ಗುಂಡಿ ಒತ್ತಿದೆ. ಎದ್ದಿತು. ಹಲ್ಲು ಹಿಂದಕ್ಕೆ ಬಂದ ಸದ್ದು ಮೇಲಿನಿಂದಲೂ ಕೇಳುತ್ತದೆ, ಕೇಳಿ ಗೊತ್ತಿದ್ದವರಿಗೆ. ಹಿಡಿ ಮುಂದಕ್ಕೆ ನೂಕಿದೆ.

ಹೊಳೆ ಅಗಲವಾಗಿತ್ತು, ನೀರು ಕೆಂಪಗಿತ್ತು. ನೀರು ಎಡಕ್ಕೆ ಸೆಳೆದರೆ ಚಕ್ರವನ್ನು ಬಲಕ್ಕೆ ಒತ್ತಿ ಹಿಡಿಯಬೇಕು, ಬಹಳ ಒತ್ತಬಾರದು. ಅಷ್ಟೇ ಇರುವುದು.

ನಡು ಹೊಳೆಯಲ್ಲಿ ಹರಿಗೋಲು ಸಿಕ್ಕಿತು. ಪಕ್ಕದಲ್ಲಿ ದಾಟುವಾಗ ನನ್ನ ಅಲೆಗೆ ಅದು ಗಿರಗಿರನೆ ಸುತ್ತತೊಡಗಿತು. ಸುಂಕಣ್ಣ ಹುಟ್ಟು ಬಿಟ್ಟು ಅಂಚು ಹಿಡಿದುಕೊಂಡ. ಯಜಮಾನರ ಮುಖ ಬರುತ್ತಿತ್ತು, ಬೆನ್ನು ಬರುತ್ತಿತ್ತು, ಮತ್ತೆ ಮುಖ ಬರುತ್ತಿತ್ತು. ಮುಖ ಬಂದಾಗಲೆಲ್ಲ ಕೈ ಎತ್ತಿ ಏನೋ ಹೇಳುತ್ತಿದ್ದರು. ಇಂಜಿನ್ನಿನ ಸದ್ದಿನಲ್ಲಿ ಒಂದು ಮಾತೂ ಕೇಳಿಸಲಿಲ್ಲ. ನಿಲ್ಲಿಸಿ ಕೇಳಬಹುದಿತ್ತು, ಆದರೆ ಅಷ್ಟು ಚೆನ್ನಾಗಿ ಓಡುತ್ತಿರುವುದನ್ನು ನಿಲ್ಲಿಸಲು ಕೈ ಬರಲಿಲ್ಲ. ಮನೆಗೆ ಬಂದ ಮೇಲೆ ಕೇಳಿದರಾಯಿತು ಎಂದುಕೊಂಡು ನಡೆಸಿದೆ.

ಬಂದ ಮೇಲೆ ಕೇಳುವುದು ಮರೆತುಹೋಯಿತು.